ಬೋಂಡಾ ಎಣ್ಣೆ ಬಸ್ಸಿಗೇಕಿಲ್ಲ?

ಸಂಜೆ ಹೊತ್ತು ಕುಂದಲಹಳ್ಳಿ ಗೇಟಿನಲ್ಲಿ ಬಸ್ಸಿಗೆ ಕಾಯುವವರ ಮೂಗಿಗೆ ಎರಡು ವಾಸನೆ ಗ್ಯಾರಂಟಿ. ಒಂದು ಡೀಸೆಲ್ ಹೊಗೆಯದು, ಇನ್ನೊಂದು ಕಾದೂ ಕಾದೂ ಕಪ್ಪಾದ ಬಾಣಲೆ ಎಣ್ಣೆಯದು. ಎರಡನೆಯದನ್ನು ಹಿಡಿದು ಮೊದಲನೆಯದನ್ನು ತಗ್ಗಿಸಬಹುದು ಅನ್ನೋದು ಹೊಸ ಮಾತೇನಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಇಂಜಿನ್ನು ಕಡಲೆಕಾಯಿ ಎಣ್ಣೆ ಕುಡಿದು ಓಡಿತ್ತು. ದೂರ ಯಾಕೆ, ಇದೇ ಊರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಯ ಜನರೇಟರು ಓಡಿಸಿ ತೋರಿಸಿ ಇಪ್ಪತ್ತು ವರ್ಷದ ಮೇಲಾಯಿತು. ಹೊಂಗೆ ಮರಗಳು ರಸ್ತೆ ಅಗಲ ಮಾಡುವವರ ಗರಗಸಕ್ಕೆ ಹೋದವು, ಆ ಮಾತು ಬೇರೆ.

ಕೇಂದ್ರದ 2018ರ ನೀತಿಯಂತೆ 2030ಕ್ಕೆ ಡೀಸೆಲಿನಲ್ಲಿ ಶೇಕಡಾ 5 ಬಯೋಡೀಸೆಲ್ ಇರಬೇಕು. ಇನ್ನೂ ಶೇಕಡಾ 1 ಕೂಡ ದಾಟಿಲ್ಲ. ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸಿದ್ದಾಯಿತಲ್ಲ, ಡೀಸೆಲಿಗೂ ಅದನ್ನೇ ಬೆರೆಸಿದರಾಯಿತು ಎನ್ನುವವರುಂಟು. ಡೀಸೆಲಿಗೆ ಎಥನಾಲ್ ಸುಲಭಕ್ಕೆ ಒಗ್ಗುವುದಿಲ್ಲ. ಸ್ವಲ್ಪ ನೀರು ತಾಗಿದರೂ ಬೇರೆಯಾಗಿ ನಿಲ್ಲುತ್ತದೆ, ಪಂಪಿಗೆ ಬೇಕಾದ ಜಿಡ್ಡೂ ಅದರಲ್ಲಿಲ್ಲ. ಎಣ್ಣೆಯಿಂದ ಮಾಡಿದ ಬಯೋಡೀಸೆಲಿಗೆ ಈ ತಕರಾರಿಲ್ಲ.

ಹಾಗಂತ ಬೋಂಡಾ ಕರಿದ ಎಣ್ಣೆಯನ್ನೇ ಟ್ಯಾಂಕಿಗೆ ಸುರಿಯುವ ಜಾಣತನ ಬೇಡ. ಅದು ಮಂದ, ನಾಜಲ್‌ಗೆ ಮಸಿ ಕಟ್ಟಿ ಮೆಕ್ಯಾನಿಕ್ಕಿಗೆ ಹಬ್ಬವಾಗುತ್ತದೆ. ಸೋಸಿ, ಮೆಥನಾಲೂ ಕ್ಷಾರವೂ ಹಾಕಿ, ತಳಕ್ಕಿಳಿದ ಗ್ಲಿಸರಿನ್ ತೆಗೆದ ಮೇಲೇ ಅದು ಇಂಜಿನ್ನಿಗೆ ಲಾಯಕ್ಕು.

ತೊಡಕಿರುವುದು ಎಣ್ಣೆ ಕೂಡಿಸುವಲ್ಲಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕ ಇಟ್ಟು, ಉಳಿದದ್ದನ್ನು ಅಧಿಕೃತ ಏಜೆನ್ಸಿಗೆ ಕೊಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2019ರಿಂದ ಕಟ್ಟಪ್ಪಣೆ ಮಾಡಿದೆ. ಸರಿ, ಐದು ಲೀಟರಿನ ತಳ್ಳುಗಾಡಿಯವನು? ಅವನ ಎಣ್ಣೆ ಮೋರಿಗೆ, ಇಲ್ಲವೇ ಅಗ್ಗಕ್ಕೆ ಕೊಳ್ಳುವವನ ಡಬ್ಬಕ್ಕೆ. ಆ ಡಬ್ಬ ಇನ್ನೊಂದು ಬಾಣಲೆಗೆ ಬೋರಲಾಗುವುದಿಲ್ಲ ಎಂದು ಯಾರಾದರೂ ಆಣೆ ಇಟ್ಟು ಹೇಳಬಲ್ಲರೇ? ತಿನ್ನುವವರು ಇದೇ ಬಸ್ ಸ್ಟಾಪಿನ ಜನ.

ಎಲೆಕ್ಟ್ರಿಕ್ ಬಸ್ಸು ಬಂದಿವೆ, ನಿಜ. ಡೀಸೆಲ್ ಬಸ್ಸು, ನೀರಿನ ಟ್ಯಾಂಕರು, ಕರೆಂಟು ಹೋದಾಗ ಗುಡುಗುವ ಟೆಕ್‌ಪಾರ್ಕ್ ಜನರೇಟರು ಎಲ್ಲಿಗೂ ಹೋಗಿಲ್ಲ. ಕೊಳ್ಳುವವರಿಗೆ ಬರವಿಲ್ಲ ಅಂದಹಾಗಾಯಿತು. ಅಂಗಡಿಯವರ ಪ್ರಶ್ನೆ ಒಂದೇ: ‘ಲೀಟರಿಗೆ ಎಷ್ಟು ಕೊಡ್ತೀರಿ ಸ್ವಾಮಿ?’ ನ್ಯಾಯವಾದ ಪ್ರಶ್ನೆ. ಬೆಂಗಳೂರು ಪೂರ್ವ ನಗರ ಪಾಲಿಕೆ ಗೇಟಿನ ಬಳಿ ವಾರಕ್ಕೊಂದು ದಿನ ಅಧಿಕೃತ ಏಜೆನ್ಸಿಯ ಗಾಡಿ ನಿಲ್ಲಿಸಲಿ, ದರವನ್ನು ಬೋರ್ಡಿನಲ್ಲಿ ಬರೆಸಲಿ, ದುಡ್ಡು ಸ್ಥಳದಲ್ಲೇ ಎಣಿಸಿಕೊಡಿಸಲಿ.