ಹಳದಿ ಫಲಕದ ಗಂಟೆ
ಬೆಂಗಳೂರಿನಿಂದ ಜ್ಯೂರಿಕ್‌ವರೆಗಿನ ವಿಮಾನಯಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕಾಲು ಮಡಚಿ ಕೂತಿದ್ದೆ, ಅಷ್ಟೆ. ಮಜಾ ಶುರುವಾಗುವುದು ಇಳಿದ ಮೇಲೆ. ಅಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ನಿಲ್ದಾಣ. ಟ್ಯಾಕ್ಸಿಯವರ ಜತೆ ಚೌಕಾಸಿ ಇಲ್ಲ. ಬರ್ನ್ ದಾಟಿ, 2007ರಲ್ಲಿ ತೆರೆದ 34.6 ಕಿ.ಮೀ. ಉದ್ದದ ಲೋಟ್ಶ್‌ಬರ್ಗ್ ಸುರಂಗಕ್ಕೆ ನುಗ್ಗಿದ ರೈಲು ಹೊರಬಿದ್ದರೆ ಫಿಸ್ಪ್ ಪಟ್ಟಣ. ಅಲ್ಲಿಂದ ಮುಂದಕ್ಕೆ, ಜೆರ್ಮಾಟ್ ಊರಿಗೆ, ಮೀಟರ್ ಗೇಜಿನ ಕೆಂಪು ರೈಲು. ಏರು ಕಡಿದಾದಲ್ಲಿ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಅದರ ಹಲ್ಲುಗಾಲಿ ಕಚ್ಚಿಕೊಂಡು ಹತ್ತುತ್ತದೆ, ನಮ್ಮಜ್ಜಿ ಮೆಟ್ಟಿಲು ಹತ್ತುವ ಹಾಗೆ, ನಿಧಾನ ಆದರೆ ಖಚಿತ. ಸುಮಾರು 1,600 ಮೀಟರ್ ಎತ್ತರದ ಜೆರ್ಮಾಟ್‌ಗೆ ಪೆಟ್ರೋಲ್ ಕಾರು ಬರುವ ಹಾಗಿಲ್ಲ, ಸ್ಟೇಷನ್ನಿನಿಂದಲೇ ನಡಿಗೆ. ಕಾಲುದಾರಿಯ ಹಳದಿ ಫಲಕಗಳಲ್ಲಿ ಕಿಲೋಮೀಟರ್ ಬರೆದಿರುವುದಿಲ್ಲ, ಗಂಟೆ ಬರೆದಿರುತ್ತಾರೆ. ಎರಡು ಗಂಟೆ ಎಂದಿದ್ದ ದಾರಿಗೆ ನನಗೆ ಮೂರೂಕಾಲು ಹಿಡಿಯಿತು. ಮ್ಯಾಟರ್‌ಹಾರ್ನ್ ಶಿಖರದ ಎದುರು ಕೂತು ಚಪಾತಿ, ಚಟ್ನಿಪುಡಿ ಬಿಚ್ಚಿದ ಹೊತ್ತು ಅವರ ಲೆಕ್ಕಕ್ಕೆ ಸೇರಿಲ್ಲವಲ್ಲ! ಹೋಗುವವರಿಗೆ ಒಂದೇ ಮಾತು: ಹೊಸ ಬೂಟನ್ನು ಊರಲ್ಲೇ ಪಳಗಿಸಿ, ವಿಮಾನಕ್ಕೂ ಅದನ್ನೇ ಮೆಟ್ಟಿಕೊಂಡು ಹತ್ತಿ. ಪೆಟ್ಟಿಗೆ ತಡವಾಗಿ ಬಂದರೂ ಕಾಲಿಗೆ ಬೂಟಿರುತ್ತದೆ.