ಅಳಿಸುವ ಮುನ್ನ ಒಂದು ಸಂಜೆ

ರಜೆಯಲ್ಲಿ ಮನೆಯ ಹಳೆಯ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಹಾಕಬೇಕು ಅಂದುಕೊಂಡಿದ್ದೀರಾ? ಹಾಗಾದರೆ ಮೊದಲು ನನ್ನ ಪೆದ್ದುತನದ ಕಥೆ ಕೇಳಿಬಿಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಹಾಲ್‌ನಲ್ಲಿರುವ ಕಂಪ್ಯೂಟರ್ 2018ರದು. ವಿಂಡೋಸ್ 11ಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು. ಅಪ್‌ಗ್ರೇಡ್ ಮಾಡಿದರೆ ಆಗುತ್ತಿತ್ತು. ಆದರೆ ಅದು ತುಂಬಾ ನಿಧಾನವಾಗಿತ್ತು. 'ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ಹೊಸ ಕಂಪ್ಯೂಟರ್ ತಂದ ಹಾಗೇ' ಎಂದು ಯಜಮಾನರಿಗೆ ಹೇಳಿ, ಒಂದು ಭಾನುವಾರ ಕೂತೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮೂರನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ತುಂಬಿದೆ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಬ್ಯಾಕಪ್ ಬಗ್ಗೆ ಉಪದೇಶ ಮಾಡುವವಳು ನಾನೇ, ಇನ್ನೇನು ಬೇಕು ಅಂತ ಡ್ರೈವ್ ಅಳಿಸಿದೆ. ಊಟದ ಹೊತ್ತಿಗೆ ಕಂಪ್ಯೂಟರ್ ಥಳಥಳ.

ಸಂಜೆ ಏಳು ವರ್ಷದ ಮಗಳು ಬಂದು ಕೂತಳು. "ಅಮ್ಮಾ, ನನ್ನ ಊರೆಲ್ಲಿ?"

ಊರೆಂದರೆ ಮೈನ್‌ಕ್ರಾಫ್ಟ್‌ನಲ್ಲಿ ಅವಳು ಒಂದು ವರ್ಷದಿಂದ ಕಟ್ಟುತ್ತಿದ್ದ ಊರು. ಅದರಲ್ಲಿ ಅಜ್ಜಿಯ ಮನೆಯೂ ಇತ್ತು, ಹಿತ್ತಲಲ್ಲಿ ಬಾವಿಯೂ ಇತ್ತು. ಆಟದ ಜಾವಾ ಆವೃತ್ತಿ ಈ ಲೋಕಗಳನ್ನು ಡಾಕ್ಯುಮೆಂಟ್ಸ್‌ನಲ್ಲಿ ಇಡುವುದಿಲ್ಲ. ಆ್ಯಪ್‌ಡೇಟಾ ಎಂಬ ಫೋಲ್ಡರ್‌ನೊಳಗೆ ಇಡುತ್ತದೆ, ಆ ಫೋಲ್ಡರ್ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದೇ ಇಲ್ಲ. ನಾನು ಅತ್ತ ತಲೆಯೇ ಹಾಕಿರಲಿಲ್ಲ.

ಎರಡನೆಯದು ರಾತ್ರಿ ಗೊತ್ತಾಯಿತು. 2018ರಲ್ಲಿ ನನ್ನ ಬಾಣಂತನಕ್ಕೆ ಅಪ್ಪ-ಅಮ್ಮ ಆರು ತಿಂಗಳು ಇಲ್ಲಿಗೆ ಬಂದಿದ್ದರು. ಅಮ್ಮನಿಗೆ ಮಗುವಿನ ಕೆಲಸ. ಹೊರಗೆ ಹಿಮ ಬೀಳುತ್ತಿದ್ದರೆ ಅಪ್ಪನಿಗೆ ಮಾಡಲು ಏನೂ ಇರಲಿಲ್ಲ. ಈ ಕಂಪ್ಯೂಟರ್‌ಗೆ ನುಡಿ ತಂತ್ರಾಂಶ ಹಾಕಿಸಿಕೊಂಡು, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ, ತಮ್ಮ ಬಾಲ್ಯದ ನಲವತ್ತು ಪುಟ ಬರೆದಿದ್ದರು. 2021ರಲ್ಲಿ ಅಪ್ಪ ಹೋದರು. ಆ ಕಡತ ನನ್ನ ಬ್ಯಾಕಪ್‌ನಲ್ಲಿ ಭದ್ರವಾಗಿತ್ತು. ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ! ನೆತ್ತಿಯ ಮೇಲೆ ಗೀಟು ಎಳೆದುಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ನಲವತ್ತು ಪುಟವೂ ಹಾಗೇ.

ಹೀಗೇಕೆ? ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಅವುಗಳಿಗೆ ಕನ್ನಡದ ವೇಷ ಹಾಕುವುದು ಫಾಂಟ್. ಫಾಂಟ್ ಹೋದರೆ ವೇಷ ಕಳಚುತ್ತದೆ. ಫಾಂಟ್‌ಗಳು ಇರುವುದು ವಿಂಡೋಸ್‌ನ ಸ್ವಂತ ಫೋಲ್ಡರ್‌ನಲ್ಲಿ, ಅದನ್ನೇ ನಾನು ಅಳಿಸಿದ್ದೆ. ನಿಮ್ಮ ಮನೆಯಲ್ಲೂ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಹಳೆಯ ಪತ್ರ, ಅಡುಗೆ ಪಟ್ಟಿ, ಕನ್ನಡ ಶಾಲೆಯ ಪಾಠಗಳಿದ್ದರೆ ಇದನ್ನು ಮರೆಯಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಪ್‌ಗ್ರೇಡ್ ಎಂದರೆ ನೀವು ಮನೆಯಲ್ಲಿ ಇದ್ದುಕೊಂಡೇ ಸುಣ್ಣ ಬಣ್ಣ ಮಾಡಿಸಿದ ಹಾಗೆ. ಕಡತ, ತಂತ್ರಾಂಶ, ಫಾಂಟ್, ಸೆಟ್ಟಿಂಗ್ ಬಹುಪಾಲು ಇದ್ದಲ್ಲೇ ಇರುತ್ತವೆ. ಹಳೆಯ ವಿಂಡೋಸ್ ಕೂಡ ಪಕ್ಕದ ಒಂದು ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ಹಿಡಿಸದಿದ್ದರೆ ಹತ್ತು ದಿನದೊಳಗೆ ಹಿಂದಿರುಗಬಹುದು. ಕ್ಲೀನ್ ಇನ್‌ಸ್ಟಾಲ್ ಎಂದರೆ ನಾವೆಲ್ಲ ಊರು ಬಿಟ್ಟು ಬಂದೆವಲ್ಲ, ಹಾಗೆ. ಎರಡು ಸೂಟ್‌ಕೇಸಿಗೆ ಹಾಕಿದ್ದು ಮಾತ್ರ ಬರುತ್ತದೆ. ಇವೆರಡರ ನಡುವೆ 'ರೀಸೆಟ್' ಎಂಬುದೊಂದಿದೆ. ಅದರಲ್ಲಿ ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆ ಒತ್ತಿದರೂ ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ.

ನನ್ನ ಸಲಹೆ: ಕಂಪ್ಯೂಟರ್ ಸರಿಯಾಗಿ ನಡೆಯುತ್ತಿದ್ದರೆ ಅಪ್‌ಗ್ರೇಡ್ ಮಾಡಿ, ಸಾಕು. ವೈರಸ್ ಹೊಕ್ಕಿದ್ದರೆ, ಪದೇ ಪದೇ ಕೈಕೊಡುತ್ತಿದ್ದರೆ, ಇನ್ನೊಬ್ಬರಿಗೆ ಕೊಡುವುದಾದರೆ ಮಾತ್ರ ಕ್ಲೀನ್ ಇನ್‌ಸ್ಟಾಲ್. ನಿಧಾನ ಎಂಬ ಒಂದೇ ಕಾರಣಕ್ಕೆ ಅಳಿಸಬೇಡಿ. ಆನ್ ಮಾಡಿದೊಡನೆ ತಾವಾಗಿ ಎದ್ದು ಕೂರುವ ಆ್ಯಪ್‌ಗಳನ್ನು ಮೊದಲು ನಿಲ್ಲಿಸಿ ನೋಡಿ. ಒಳಗಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಒಂದು ಸಂಜೆ ಇಷ್ಟು ಮಾಡಿ.

ಒಂದು, ಮನೆಯವರನ್ನೆಲ್ಲ ಕರೆದು ಕೇಳಿ: "ಈ ಕಂಪ್ಯೂಟರ್‌ನಲ್ಲಿ ನಿನ್ನದು ಏನಿದೆ?" ಮಕ್ಕಳನ್ನು ಮರೆಯಬೇಡಿ. ಅವರ ಆಟ, ಚಿತ್ರ, ಸ್ಕ್ರ್ಯಾಚ್ ಪ್ರಾಜೆಕ್ಟ್ ಎಲ್ಲಿ ಉಳಿದಿವೆ ಎಂದು ಅವರ ಜೊತೆಯಲ್ಲೇ ಕೂತು ಹುಡುಕಿ.

ಎರಡು, ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ತೆರಿಗೆ ತಂತ್ರಾಂಶದ ಹಳೆಯ ಕಡತ, ಕನ್ನಡ ಫಾಂಟ್‌ಗಳು, ಇವನ್ನು ಪಟ್ಟಿಗೆ ಸೇರಿಸಿ.

ಮೂರು, ಡ್ರೈವ್‌ಗೆ ಬಿಟ್‌ಲಾಕರ್ ಬೀಗ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಬಹಳ ಸಲ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ.

ನಾಲ್ಕು, ಬ್ಯಾಕಪ್ ಮಾಡಿದ ಮೇಲೆ ನಾಲ್ಕೈದು ಕಡತಗಳನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ನಾನು ಇದೊಂದು ಮಾಡಿದ್ದರೆ ಅಪ್ಪನ ಪುಟಗಳ ವಿಷಯ ಮೊದಲೇ ಗೊತ್ತಾಗುತ್ತಿತ್ತು.

ಐದು, ಅಳಿಸಲೇಬೇಕಾಗಿ ಬಂದರೆ ಹೊಸ ಎಸ್‌ಎಸ್‌ಡಿ ಕೊಂಡು ಅದರ ಮೇಲೆ ವಿಂಡೋಸ್ ಹಾಕಿ. ಹಳೆಯ ಡಿಸ್ಕನ್ನು ಬಿಚ್ಚಿ ಮೂರು ತಿಂಗಳು ಡ್ರಾಯರ್‌ನಲ್ಲಿಡಿ. ಏನು ಬಿಟ್ಟುಹೋಗಿದೆ ಎಂಬುದು ಅಷ್ಟರಲ್ಲಿ ತಾನಾಗಿ ತಿಳಿಯುತ್ತದೆ.

ಅಪ್ಪನ ಪುಟಗಳು ಮರಳಿ ಬಂದವು. ನುಡಿ ಮತ್ತೆ ಹಾಕಿದ ಕೂಡಲೇ ಅಕ್ಷರಗಳೆಲ್ಲ ಕನ್ನಡವಾದವು. ನುಡಿ, ಬರಹ ಎರಡರಲ್ಲೂ ಹಳೆಯ ಸಂಕೇತವನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಹಾಗೆ ಬದಲಿಸಿದ ಮೇಲೆ ಯಾವ ಫೋನಿನಲ್ಲಾದರೂ ಓದಬಹುದು. ಅಮ್ಮನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಫೋನ್: "ಹುಣಸೆ ಮರದಿಂದ ಬಿದ್ದವರು ಇವರೇ ಕಣೇ. ತಮ್ಮ ಬಿದ್ದ ಅಂತ ಬರೆದಿದ್ದಾರೆ ನೋಡು!"

ಮಗಳ ಊರು ಬರಲಿಲ್ಲ. ಎಸ್‌ಎಸ್‌ಡಿಯಲ್ಲಿ ಅಳಿಸಿ ಹೋದದ್ದನ್ನು ಮರಳಿ ಪಡೆಯುವುದು ಬಲು ಕಷ್ಟ, ನನ್ನ ಕೈಲಾಗಲಿಲ್ಲ. "ಅಮ್ಮನ ತಪ್ಪು, ಕೇಳದೆ ಅಳಿಸಿದೆ" ಎಂದು ಒಪ್ಪಿಕೊಂಡೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮತ್ತೆ ಬಾವಿ ತೋಡಲು ಶುರುಮಾಡಿದಳು. ಈಗ ಪ್ರತಿ ಶನಿವಾರ ರಾತ್ರಿ ಊರಿನ ಒಂದು ಪ್ರತಿ ಪೆನ್ ಡ್ರೈವ್‌ಗೆ ಹೋಗುತ್ತದೆ. ಆ ಪೆನ್ ಡ್ರೈವ್ ಅವಳ ಹತ್ತಿರವೇ ಇರುತ್ತದೆ, ನನ್ನ ಕೈಗೆ ಕೊಡುವುದಿಲ್ಲ.