ವ್ಯಾನಿನ ಸದ್ದೂ ತರ್ಕಶಾಸ್ತ್ರವೂ

ವಿಚಾರಶಕ್ತಿಯು ಕಾಲೇಜಿನ ಮೆಟ್ಟಿಲು ಹತ್ತಿದವರ ಸೊತ್ತೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಮನೆತನದಲ್ಲೇ ಮೊದಲಿಗರಾಗಿ ಬಿ.ಎ. ತರಗತಿಗೆ ಬಂದ ನನ್ನಂಥವರಲ್ಲಿ ಇದು ಇನ್ನೂ ಬೇಗ ಬೇರೂರುತ್ತದೆ. ಈ ಭಾವನೆ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ಒಂದು ಹಳೆಯ ವ್ಯಾನಿನ ಸದ್ದನ್ನೇ ಸಾಕ್ಷಿಯಾಗಿ ಕರೆಯುತ್ತೇನೆ.

ನಮ್ಮ ತಂದೆಯವರು ಓಡಿಸುವುದು ಓಮ್ನಿ ವ್ಯಾನು. 1984ರಲ್ಲಿ ಮಾರುಕಟ್ಟೆಗೆ ಬಂದು, 2019ರಲ್ಲಿ ತಯಾರಿಕೆ ನಿಂತುಹೋದ ಬಗೆಯದು. ಬೆಳಿಗ್ಗೆ ಶಾಲೆಯ ಮಕ್ಕಳು, ಆಮೇಲೆ ಸಂತೆಯ ಮೂಟೆಗಳು. ನನ್ನ ಕಾಲೇಜಿನ ಶುಲ್ಕವೂ ಅದರ ದುಡಿಮೆಯದೇ. ಕಳೆದ ವರ್ಷ ಅದು ನಿಧಾನವಾಗಿ ಚಲಿಸುವಾಗ ಗುಬ್ಬಚ್ಚಿಯಂತೆ ಸಣ್ಣಗೆ ‘ಚಿಂವ್ ಚಿಂವ್’ ಎನ್ನತೊಡಗಿತು. ಎಂಜಿನ್ನು ಮುಂದಿನ ಸೀಟಿನ ಕೆಳಗೇ ಇರುವುದರಿಂದ ಯಾವ ಸದ್ದೂ ಎಂಜಿನ್ನಿನದೆಂದೇ ತೋರುವುದು ಸಹಜ. ಒಂದು ಗ್ಯಾರೇಜಿನವರು ಬೆಲ್ಟನ್ನು ಬದಲಾಯಿಸಿದರು. ಇನ್ನೊಬ್ಬರು ಚಕ್ರದ ಬೇರಿಂಗನ್ನು. ಹಣ ಹೋಯಿತು, ಸದ್ದು ಹೋಗಲಿಲ್ಲ.

ಮೂರನೆಯ ಮೇಸ್ತ್ರಿ ಏಳನೆಯ ತರಗತಿಯವರೆಗೆ ಓದಿದವರು. ಸ್ಪ್ಯಾನರ್ ಮುಟ್ಟುವ ಮುನ್ನ ಅವರು ಪ್ರಶ್ನೆ ಕೇಳಿದರು: “ನಿಂತಾಗ ಬರ್ತದಾ ಯಜಮಾನ್ರೆ? ಆಕ್ಸಿಲರೇಟರ್ ಒತ್ತಿದ್ರೆ ಹೆಚ್ಚಾಗ್ತದಾ?” ಎರಡಕ್ಕೂ ಇಲ್ಲವೆಂದೇ ಉತ್ತರ. ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ನನ್ನಿಂದ ವ್ಯಾನನ್ನು ತಳ್ಳಿಸಿ, ತಾವು ಪಕ್ಕದಲ್ಲಿ ಬಗ್ಗಿ ನಡೆದರು. ಸದ್ದು ಬಂತು, ಎಂದಮೇಲೆ ಎಂಜಿನ್ನು ನಿರ್ದೋಷಿ. ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಸದ್ದು ನಾಲ್ಕೈದು ಸಲ! ಚಕ್ರದ್ದಾಗಿದ್ದರೆ ಸುತ್ತಿಗೆ ಒಂದೇ ಸಲ ಬರಬೇಕಿತ್ತು. ಚಕ್ರಕ್ಕಿಂತ ಅಷ್ಟು ಪಟ್ಟು ಹೆಚ್ಚು ತಿರುಗುವುದು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು. ಬಿಚ್ಚಿ ನೋಡಿದರೆ ಅದರ ಕೀಲಿನ ‘ಕ್ರಾಸ್’ ಗ್ರೀಸ್ ಒಣಗಿ ತುಕ್ಕು ಹಿಡಿದಿತ್ತು. ಹಾಗೆಯೇ ಬಿಟ್ಟಿದ್ದರೆ ಮಕ್ಕಳು ಕುಳಿತಿರುವಾಗಲೇ ಶಾಫ್ಟು ಕಳಚಿ ಬೀಳಬಹುದಿತ್ತು.

ಜಾನ್ ಸ್ಟೂಅರ್ಟ್ ಮಿಲ್ಲನು 1843ರ ತನ್ನ ತರ್ಕಶಾಸ್ತ್ರ ಗ್ರಂಥದಲ್ಲಿ ಕಾರಣವನ್ನು ಹುಡುಕುವ ಐದು ವಿಧಾನಗಳನ್ನು ನಿರೂಪಿಸಿದ್ದಾನೆ. ಒಂದು ಅಂಶವನ್ನು ತೆಗೆದಮೇಲೂ ಕಾರ್ಯ ಉಳಿದರೆ ಆ ಅಂಶ ಕಾರಣವಲ್ಲ. ಒಂದು ಬದಲಾದಂತೆ ಇನ್ನೊಂದೂ ಬದಲಾದರೆ ಎರಡಕ್ಕೂ ಸಂಬಂಧವುಂಟು. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಈ ಮಾತನ್ನು ಮಿಲ್ಲನ ಹೆಸರೇ ಕೇಳದ ಮೇಸ್ತ್ರಿ ಬೀದಿಯಲ್ಲಿ ಮಾಡಿ ತೋರಿಸಿದರು.

ಹಾಗಾದರೆ ಕಾಲೇಜೇಕೆ ಎಂದು ಯಾರಾದರೂ ಕೇಳಬಹುದು. ಮೊದಲಿನ ಇಬ್ಬರೂ ಅನುಭವಸ್ಥರೇ ಆಗಿದ್ದರೆಂಬುದನ್ನು ಮರೆಯಬಾರದು. ಕೈಯ ಪಳಗಿಕೆಯೊಂದೇ ಸಾಲದು, ಕ್ರಮವೂ ಬೇಕು. ಆ ಕ್ರಮಕ್ಕೆ ಹೆಸರು ಕೊಟ್ಟು, ವ್ಯಾನಿನಲ್ಲಿ ಕಂಡದ್ದನ್ನು ಊರಿನ ಗಾಳಿಮಾತಿಗೂ ಚುನಾವಣೆಯ ಭಾಷಣಕ್ಕೂ ಅನ್ವಯಿಸಲು ಕಲಿಸುವುದೇ ಕಾಲೇಜಿನ ಕೆಲಸ.

ಆದ್ದರಿಂದ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ನಮ್ಮ ಸಂಘದ ವೇದಿಕೆಗೆ ವರ್ಷಕ್ಕೊಮ್ಮೆಯಾದರೂ ಇಂಥ ಕಸಬುದಾರರೊಬ್ಬರನ್ನು ಕರೆಸಿ, ಅವರು ದೋಷವನ್ನು ಹೇಗೆ ಹುಡುಕುತ್ತಾರೆಂಬುದನ್ನು ಕೇಳೋಣ. ಸಹಪಾಠಿಗಳಲ್ಲಿ ಇನ್ನೊಂದು ಮಾತು: ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಸಾಲು ಬಂದಾಗ ಲೇಖನಿಯನ್ನು ತಡೆಯಬೇಡಿರಿ. ಡ್ರೈವರ್, ಮೇಸ್ತ್ರಿ, ಕೂಲಿ, ಯಾವುದೇ ಇರಲಿ, ಸ್ಫುಟವಾಗಿ ಬರೆಯಿರಿ.